ಹೈವೇಯಲ್ಲಿ ತಂಪು, ಸಿಗ್ನಲ್‌ನಲ್ಲಿ ಬಿಸಿಗಾಳಿ: ಹಳೇ ಕಾರಿನ ಎಸಿಗೆ ಏನಾಗಿದೆ?

ಬಿಸಿಲೂರು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಗಾಡಿ 2009ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 15 ವರ್ಷ ತುಂಬಿದ ಮೇಲೆ ಆರ್‌ಸಿ ರಿನ್ಯೂವಲ್ ಮಾಡಿಸಿದ್ದೇನೆ. ಎಂಜಿನ್ ಚೆನ್ನಾಗಿದೆ, ಹಾಗಾಗಿ ಮಾರುವ ಮಾತಿಲ್ಲ. ಕಂಪನಿ ಹೆಸರು, ಗ್ಯಾರೇಜ್ ಹೆಸರು ಎರಡೂ ಬೇಡ.

ಹುಮನಾಬಾದ್ ಕಡೆ 80ರಲ್ಲಿ ಹೋಗುವಾಗ ಎಸಿ ಪರವಾಗಿಲ್ಲ. ಊರೊಳಗೆ ಬಂದು ಸಿಗ್ನಲ್‌ನಲ್ಲಿ ನಿಂತರೆ ಸಾಕು, ಗಾಳಿ ಬೆಚ್ಚಗಾಗುತ್ತದೆ. ಬ್ಲೋವರ್ ಜೋರಾಗಿಯೇ ಬೀಸುತ್ತದೆ, ತಂಪು ಮಾತ್ರ ಇಲ್ಲ. ಬೆಳಗ್ಗೆ ಹೊತ್ತು ಅಷ್ಟು ಗೊತ್ತಾಗುವುದಿಲ್ಲ. ಮಧ್ಯಾಹ್ನ 41–42 ಡಿಗ್ರಿ ಬಿಸಿಲಲ್ಲಿ ಕೂತರೆ ಕಿಟಕಿ ಇಳಿಸಿಕೊಳ್ಳುವುದೇ ವಾಸಿ ಅನ್ನಿಸುತ್ತದೆ.

ಗ್ಯಾರೇಜ್‌ನವರು ಪ್ರತಿ ಬೇಸಿಗೆ "ಗ್ಯಾಸ್ ಕಮ್ಮಿ ಆಗಿದೆ ಸರ್" ಅಂತ ತುಂಬಿಸಿ ಕಳಿಸುತ್ತಾರೆ. ಈ ಸಲ ತುಂಬಿಸಿದ ಮೇಲೆ ಮೊದಲಿಗಿಂತ ಕೆಟ್ಟಿದೆ. ಈಗ "ಕಂಪ್ರೆಸರ್ ಹೋಗಿದೆ, ಹೊಸದು ಹಾಕೋಣ" ಅನ್ನುತ್ತಿದ್ದಾರೆ. ಅಷ್ಟು ದುಡ್ಡು ಸುರಿಯುವ ಮೊದಲು ನಾನೇ ಏನೇನು ನೋಡಬಹುದು?

ಸಿಲ್ಕ್ ಬೋರ್ಡ್ ಸಿಗ್ನಲ್, ಬೆಂಗಳೂರು

ಗ್ಯಾಸ್ ಟಾಪ್ ಅಪ್ ಮಾಡಿಸಿ ಸರ್, ಸರಿ ಹೋಗುತ್ತೆ.

ಪಾನಾ ನಂಬರ್ 13, ಹುಬ್ಬಳ್ಳಿ

ಮೇಲಿನವರು ಪೂರ್ತಿ ಓದಿಲ್ಲ ಅನ್ನಿಸುತ್ತದೆ. ಗ್ಯಾಸ್ ಹಾಕಿದ ಮೇಲೇ ಕೆಟ್ಟಿದೆ ಅಂತಿದ್ದಾರಲ್ರಿ.

ಎಸಿ ಗ್ಯಾಸ್ ಓಡಿಸಿದಷ್ಟೂ ಖರ್ಚಾಗುವಂಥದ್ದಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಅದನ್ನು ಒತ್ತಿ ಸುತ್ತಿಸುವ ಪಂಪೇ ಕಂಪ್ರೆಸರ್. ಹಳೇ ಗಾಡಿಯಲ್ಲಿ ರಬ್ಬರ್ ಹೋಸ್‌ನಿಂದ, ಕಂಪ್ರೆಸರ್ ಶಾಫ್ಟ್ ಸೀಲ್‌ನಿಂದ ಒಂಚೂರು ಸೋರುವುದು ಇದ್ದದ್ದೇ. ಆದರೆ ಪ್ರತಿ ಬೇಸಿಗೆ ತುಂಬಿಸುವಷ್ಟು ಸೋರುತ್ತಿದ್ದರೆ ಲೀಕ್ ಹುಡುಕಬೇಕು. ಸೋರದೇ ಇದ್ದಲ್ಲಿ ತುಂಬಿಸುತ್ತಾ ಹೋದರೆ ಗ್ಯಾಸ್ ಜಾಸ್ತಿ ಆಗುತ್ತದೆ. ಜಾಸ್ತಿ ಆದರೂ ತಂಪು ಕಮ್ಮಿಯೇ. ನಿಮ್ಮದು ಈ ಎರಡನೇದು ಅಂತ ನನಗೆ ಅನುಮಾನ.

ಓಡುವಾಗ ತಂಪು, ನಿಂತಾಗ ಬಿಸಿ ಅಂದರೆ ನಾನು ಮೊದಲು ನೋಡುವುದು ಫ್ಯಾನ್. ರೇಡಿಯೇಟರ್ ಮುಂದೆ ಇನ್ನೊಂದು ಜಾಲರಿ ಇದೆಯಲ್ಲ, ಅದು ಕಂಡೆನ್ಸರ್. ಗಾಡಿ ಒಳಗಿಂದ ಎಳೆದ ಶಾಖ ಹೊರಗೆ ಹೋಗುವುದು ಅಲ್ಲಿಂದ. ಓಡುವಾಗ ಎದುರುಗಾಳಿ ಆ ಕೆಲಸ ಮಾಡುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ.

ನೆರಳಲ್ಲಿ ನಿಲ್ಲಿಸಿ, ಗಾಡಿ ಸ್ಟಾರ್ಟ್ ಮಾಡಿ, ಎಸಿ ಫುಲ್ ಹಾಕಿ. ಕಂಪ್ರೆಸರ್ ಅನ್ನು ಎಂಜಿನ್ ಬೆಲ್ಟಿಗೆ ಜೋಡಿಸುವ ಕ್ಲಚ್ "ಟಕ್" ಅಂತ ಕೂರಬೇಕು. ಫ್ಯಾನ್ ಅದರ ಜೊತೆಗೇ ತಿರುಗಬೇಕು. ಈಗ ದಿನಪತ್ರಿಕೆಯ ಒಂದು ಹಾಳೆಯನ್ನು ಗ್ರಿಲ್‌ಗೆ ಹಿಡಿದು ಕೈ ಬಿಡಿ. ಕಾಗದ ಅಲ್ಲೇ ಅಂಟಿಕೊಂಡು ನಿಲ್ಲಬೇಕು. ಜಾರಿ ಬಿದ್ದರೆ ಎಳೆತ ಸಾಲದು. ಆಚೆ ಹಾರಿದರೆ ಯಾರೋ ವೈರ್ ಅದಲುಬದಲು ಮಾಡಿ ಫ್ಯಾನ್ ಉಲ್ಟಾ ತಿರುಗುತ್ತಿದೆ. ನಗಬೇಡ್ರಿ, ಇಂಥ ಗಾಡಿಗಳೂ ನಮ್ಮಲ್ಲಿಗೆ ಬರುತ್ತವೆ.

ಕೈ, ಟವೆಲ್, ದುಪಟ್ಟಾ ಯಾವುದನ್ನೂ ಫ್ಯಾನ್ ಹತ್ತಿರ ಒಯ್ಯಬೇಡಿ. ಕೆಲವು ಗಾಡಿಯಲ್ಲಿ ಎಂಜಿನ್ ಆಫ್ ಆದ ಮೇಲೂ ಅದು ತಾನಾಗಿಯೇ ತಿರುಗುತ್ತದೆ.

ಮಸ್ಕತ್ ಮೀಟರ್

ಊರು ಕುಂದಾಪುರ, ಕೆಲಸ ಮಸ್ಕತ್‌ನಲ್ಲಿ, ವಾಹನಗಳ ಎಸಿ ರಿಪೇರಿ. ಇಲ್ಲಿ ಬೇಸಿಗೆಯಲ್ಲಿ 45 ದಾಟುವ ದಿನಗಳಿರುತ್ತವೆ. ಎಸಿ ಕೆಟ್ಟ ಗಾಡಿಯನ್ನು ಯಾರೂ ಹೊರಗೆ ತೆಗೆಯುವುದಿಲ್ಲ.

ಹುಬ್ಬಳ್ಳಿ ಅಣ್ಣ ಹೇಳಿದ್ದು ಸರಿ. ಆದರೆ ನಿಂತಾಗ ಬಿಸಿ ಅನ್ನುವುದು ಬರೀ ಫ್ಯಾನ್ ಲಕ್ಷಣ ಅಲ್ಲ. ಗ್ಯಾಸ್ ಕಮ್ಮಿ ಇದ್ದರೂ ಹಾಗೇ ಆಗುತ್ತದೆ, ಕಂಪ್ರೆಸರ್ ಸವೆದಿದ್ದರೂ ಹಾಗೇ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಕಂಪ್ರೆಸರ್ ನಿಧಾನ ತಿರುಗುತ್ತದಲ್ಲ, ಅದಕ್ಕೆ ಎಲ್ಲವೂ ಒಂದೇ ಥರ ಕಾಣುತ್ತವೆ. ಗ್ಯಾರೇಜ್‌ನವರು ಊಹೆ ಮೇಲೆ ಪಾರ್ಟ್ ಬದಲಿಸುವುದು ಇಲ್ಲೇ.

ಗೇಜ್ (ಗ್ಯಾಸಿನ ಒತ್ತಡ ತೋರಿಸುವ ಮೀಟರ್) ಇಲ್ಲದೆಯೂ ಸ್ವಲ್ಪ ಬೇರ್ಪಡಿಸಬಹುದು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ 2000 ಆರ್‌ಪಿಎಂನಲ್ಲಿ ಒಂದೆರಡು ನಿಮಿಷ ಹಿಡಿಯಿರಿ. ಹಾಗೆ ತಂಪು ಬಂದರೆ ಕಂಪ್ರೆಸರ್ ಅಥವಾ ಗ್ಯಾಸ್ ಕಡೆ ನೋಡಿ. ನಿಂತಲ್ಲಿ ಎಷ್ಟು ಒತ್ತಿದರೂ ಬರದೆ, ಓಡಿದರೆ ಮಾತ್ರ ಬಂದರೆ ಅದು ಕಂಡೆನ್ಸರ್‌ಗೆ ಗಾಳಿ ಸಾಲದ ಸಮಸ್ಯೆ. ಆಮೇಲೆ ಬಾಟಲಿಯಿಂದ ಕಂಡೆನ್ಸರ್ ಮೇಲೆ ನಿಧಾನವಾಗಿ ನೀರು ಸುರಿಯಿರಿ. ಮೋಟರ್ ಮೇಲೆ, ವೈರಿಂಗ್ ಮೇಲೆ ಬೀಳದ ಹಾಗೆ. ಒಳಗೆ ಕೂತವರಿಗೆ ಗಾಳಿ ಬೇಗ ತಣ್ಣಗಾಗಿದ್ದು ಗೊತ್ತಾದರೆ ಉತ್ತರ ಸಿಕ್ಕಿತು. ಗ್ಯಾಸ್ ಕಮ್ಮಿ ಇರುವ ಗಾಡಿಗೆ ನೀರು ಸುರಿದರೆ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಗ್ಯಾರೇಜ್‌ನಲ್ಲಿ ಗೇಜ್ ಹಾಕಿದ್ದರೆ ಲೋ ಸೈಡ್ (ಕಂಪ್ರೆಸರ್ ಗ್ಯಾಸ್ ಎಳೆಯುವ ಕಡೆಯ ಒತ್ತಡ) ಎಷ್ಟು, ಹೈ ಸೈಡ್ (ಅದು ಒತ್ತಿ ಬಿಡುವ ಕಡೆಯದು) ಎಷ್ಟು ಅಂತ ಕೇಳಿ ಇಲ್ಲಿ ಬರೆಯಿರಿ. ಎಂಜಿನ್ ಆಫ್ ಇದ್ದಾಗಿನ ನಂಬರ್ ಬೇಡ. ನಿಂತ ಸಿಸ್ಟಮ್‌ನಲ್ಲಿ ಪ್ರೆಶರ್ ಹೊರಗಿನ ಉಷ್ಣಾಂಶವನ್ನಷ್ಟೇ ತೋರಿಸುತ್ತದೆ. 30 ಡಿಗ್ರಿಯಲ್ಲಿ ಆರ್-134ಎ, ಅಂದರೆ ನಿಮ್ಮ ಗಾಡಿಯ ಎಸಿ ಗ್ಯಾಸ್, ಸುಮಾರು 97 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ. ಒಳಗೆ 200 ಗ್ರಾಂ ಇದ್ದರೂ ಅಷ್ಟೇ, 500 ಗ್ರಾಂ ಇದ್ದರೂ ಅಷ್ಟೇ.

ಕರಾವಳಿ ಗಾಳಿ, ಮಂಗಳೂರು

ನನ್ನದು ಸ್ವಲ್ಪ ಬೇರೆ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. 2011ರ ಗಾಡಿ. ಶುರುವಿನಲ್ಲಿ ಎಸಿ ಚೆನ್ನಾಗಿರುತ್ತದೆ. ಉಡುಪಿ ದಾಟುವಷ್ಟರಲ್ಲಿ ಗಾಳಿಯ ರಭಸವೇ ಇರುವುದಿಲ್ಲ. ಬ್ಲೋವರ್ ಸದ್ದು ಜೋರು, ಗಾಳಿ ಇಷ್ಟೇ ಇಷ್ಟು. ಎಸಿ ಬಟನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಎಡಗಡೆ ಸೀಟಿನ ಕಾಲಡಿ ಮ್ಯಾಟ್ ಯಾವಾಗಲೂ ಒದ್ದೆ. ಮಳೆ ನೀರು ಅಂದುಕೊಂಡಿದ್ದೆ, ಈಗ ಮಳೆಯೇ ಇಲ್ಲ.

ಪಾನಾ ನಂಬರ್ 13, ಹುಬ್ಬಳ್ಳಿ

ಮೇಡಂ, ಡ್ಯಾಶ್‌ಬೋರ್ಡ್ ಒಳಗೆ ಗಾಳಿ ತಂಪು ಮಾಡುವ ನಿಮ್ಮ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಐಸ್ ಕಟ್ಟಿದರೆ ಗಾಳಿ ತೂರುವುದಕ್ಕೆ ಜಾಗ ಇಲ್ಲ. ಎಸಿ ಆಫ್ ಮಾಡಿದಾಗ ಕರಗುತ್ತದೆ, ಅದಕ್ಕೇ ಮತ್ತೆ ಸರಿ ಹೋಗುತ್ತದೆ. ಕಾಯಿಲ್ ಹತ್ತಿರ ಒಂದು ಸಣ್ಣ ಸೆನ್ಸರ್ ಇರುತ್ತದೆ. ಕಾಯಿಲ್ ಸೊನ್ನೆ ಡಿಗ್ರಿ ಮುಟ್ಟುವ ಮೊದಲೇ ಅದು ಕಂಪ್ರೆಸರ್ ಕಟ್ ಮಾಡಿಸಬೇಕು. ಅದು ಕೆಟ್ಟಿರಬೇಕು, ಇಲ್ಲಾ ಜಾಗ ಬಿಟ್ಟು ಸರಿದಿರಬೇಕು. ಕಾಯಿಲ್ ತುಂಬಾ ಧೂಳು ಕೂತಿದ್ದರೂ, ಗ್ಯಾಸ್ ಕಮ್ಮಿ ಇದ್ದರೂ ಐಸ್ ಕಟ್ಟುತ್ತದೆ. ಆದರೆ ನಿಮಗೆ ಮೊದಲು ಒಳ್ಳೇ ತಂಪು ಬರುತ್ತಿದೆ, ಹಾಗಾಗಿ ಸೆನ್ಸರ್ ಮೇಲೇ ನನ್ನ ಕಣ್ಣು. ಪಾರ್ಟ್ ದುಬಾರಿ ಅಲ್ಲ. ಡ್ಯಾಶ್‌ಬೋರ್ಡ್ ಅಡಿ ತಲೆ ತೂರಿಸುವ ಕೆಲಸವೇ ಜಾಸ್ತಿ.

ಮ್ಯಾಟ್ ಒದ್ದೆ ಅನ್ನುವುದು ಡ್ರೈನ್ ಪೈಪ್ ಕಟ್ಟಿರುವುದಕ್ಕೆ. ಎಸಿ ಹಾಕಿದಾಗ ನೀರು ಗಾಡಿ ಅಡಿಯಲ್ಲಿ ತೊಟ್ಟಿಕ್ಕಬೇಕು, ಒಳಗಲ್ಲ. ನಿಮ್ಮ ಕಡೆ ಗಾಳಿಯಲ್ಲಿ ತೇವ ಜಾಸ್ತಿ ಅಲ್ವಾ, ಧಾರಾಳವಾಗಿ ಬೀಳಬೇಕು. ಕೆಳಗಿಂದ ಪೈಪಿಗೆ ಏರ್ ಹೊಡೆಸಿ. ಮೇಲಿಂದ ಕಂಬಿ ತೂರಿಸಿ ಕಾಯಿಲ್‌ಗೆ ಚುಚ್ಚಬೇಡಿ, ಅಲ್ಯೂಮಿನಿಯಂ ಕಾಗದದಷ್ಟು ತೆಳು. ಇನ್ನೊಂದು, ಹೊರಗಿನ ಗಾಳಿ ಎಳೆಯುವ ಲಿವರ್ ಮುಚ್ಚಿ, ಒಳಗಿನ ಗಾಳಿಯನ್ನೇ ಸುತ್ತಿಸಿ. ಮಂಗಳೂರಿನ ತೇವ ಎಲ್ಲ ಒಳಗೆಳೆದುಕೊಂಡರೆ ಎಸಿಯ ಅರ್ಧ ಶಕ್ತಿ ನೀರು ಇಳಿಸುವುದಕ್ಕೇ ಹೋಗುತ್ತದೆ.

ಬಿಸಿಲೂರು, ಕಲಬುರಗಿ

ಎಲ್ಲ ಮಾಡಿ ನೋಡಿದೆ. ಕಾಗದ ಅಂಟಿತು, ಒಂದು ಕ್ಷಣ ನಿಂತು ಜಾರಿ ಬಿತ್ತು. 2000 ಆರ್‌ಪಿಎಂನಲ್ಲಿ ಹಿಡಿದರೂ ತಂಪು ಬರಲಿಲ್ಲ. ಬದಲಿಗೆ ಇನ್ನೂ ಬಿಸಿ ಆಯಿತು. ಮಗಳನ್ನು ಒಳಗೆ ಕೂರಿಸಿ ನೀರು ಸುರಿದೆ. "ಅಪ್ಪಾ, ಬಂತು ಬಂತು" ಅಂತ ಕೂಗಿದಳು. ನೀರು ಆರಿದ ಮೇಲೆ ಮತ್ತೆ ಅದೇ ಕಥೆ.

ಗ್ಯಾರೇಜ್‌ಗೆ ಫೋನ್ ಮಾಡಿ ನಂಬರ್ ಕೇಳಿದೆ. ಲೋ ಸೈಡ್ 55, ಹೈ ಸೈಡ್ 340 ಅಂದರು. ಐಡಲ್‌ನಲ್ಲಿ, ಮಧ್ಯಾಹ್ನ. "ನೋಡಿ ಸರ್, ಲೋ ಜಾಸ್ತಿ ಇದೆ, ಕಂಪ್ರೆಸರ್ ಎಳೆಯುತ್ತಿಲ್ಲ" ಅನ್ನುತ್ತಾರೆ. ಹೌದಾ?

ಮಸ್ಕತ್ ಮೀಟರ್

ಅಲ್ಲ. ಕಂಪ್ರೆಸರ್‌ಗೆ ಕೈ ಹಚ್ಚಲು ಬಿಡಬೇಡಿ.

ಸವೆದ ಕಂಪ್ರೆಸರ್‌ನಲ್ಲಿ ಲೋ ಜಾಸ್ತಿ ಇರುತ್ತದೆ ನಿಜ, ಆದರೆ ಹೈ ಕಮ್ಮಿ ಇರುತ್ತದೆ. ಎರಡು ಮುಳ್ಳೂ ಹತ್ತಿರ ಹತ್ತಿರ ಬರುತ್ತವೆ. 340ರ ತನಕ ಒತ್ತುವ ಕಂಪ್ರೆಸರ್‌ಗೆ ಏನು ಕಡಿಮೆ ಆಗಿದೆ ಹೇಳಿ? ಅದು ಒತ್ತುತ್ತಿದೆ, ಆಚೆ ಕಡೆ ಶಾಖ ಹೋಗುತ್ತಿಲ್ಲ, ಅಷ್ಟೇ. 40 ಡಿಗ್ರಿ ಬಿಸಿಲಲ್ಲಿ, ಐಡಲ್‌ನಲ್ಲಿ, ಹೈ ಸೈಡ್ 240ರಿಂದ 280 ಇದ್ದರೆ ನಾನು ಸುಮ್ಮನಾಗುತ್ತೇನೆ. 340 ಅಂದರೆ ಕಂಡೆನ್ಸರ್‌ಗೆ ಗಾಳಿ ಇಲ್ಲ, ಅಥವಾ ಗ್ಯಾಸ್ ಜಾಸ್ತಿ, ಅಥವಾ ಎರಡೂ. ಹೀಗೇ ಏರಿ ಸುಮಾರು 450 ಮುಟ್ಟಿದರೆ ಪ್ರೆಶರ್ ಸ್ವಿಚ್ ಕಂಪ್ರೆಸರ್ ಅನ್ನೇ ಕಟ್ ಮಾಡುತ್ತದೆ.

55ರ ಅರ್ಥ ಕೇಳಿ. ಆರ್-134ಎ 28 ಪಿಎಸ್‌ಐ ಹತ್ತಿರ 0 ಡಿಗ್ರಿಯಲ್ಲಿ ಕುದಿಯುತ್ತದೆ. 55ರಲ್ಲಿ ಸುಮಾರು 15 ಡಿಗ್ರಿ. ಅಂದರೆ ನಿಮ್ಮ ಕಾಯಿಲ್ ಒಳಗೆ ಗ್ಯಾಸೇ 15 ಡಿಗ್ರಿ ಇದೆ. ಅದರ ಮೇಲೆ ಹಾದು ಬರುವ ಗಾಳಿ ಅದಕ್ಕಿಂತ ತಣ್ಣಗೆ ಬರುವುದು ಹೇಗೆ? ಲೋ ಸೈಡ್ 30–40ಕ್ಕೆ ಇಳಿಯದೆ ಮುಖಕ್ಕೆ ತಂಪು ಹೊಡೆಯುವುದಿಲ್ಲ.

ಮಾಡಿಸಬೇಕಾದ್ದು ಇಷ್ಟು. ಇರುವ ಗ್ಯಾಸನ್ನು ರಿಕವರಿ ಮಷಿನ್‌ನಲ್ಲಿ ತೆಗೆಸಿ, ತೂಕ ಬರೆದುಕೊಳ್ಳಿ. ಗಾಳಿಗೆ ಬಿಡುವವರ ಹತ್ತಿರ ಹೋಗಬೇಡಿ. ಒಂದು ಕಿಲೋ ಆರ್-134ಎ ಗಾಳಿಗೆ ಬಿಟ್ಟರೆ 1,400 ಕಿಲೋಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ ಏರುತ್ತದೆ. ಕಂಡೆನ್ಸರ್, ರೇಡಿಯೇಟರ್ ನಡುವಿನ ಸಂದು ತೊಳೆಸಿ. ಫ್ಯಾನ್ ಮೋಟರ್ ನೋಡಿಸಿ. ಪೈಪ್ ಬಿಚ್ಚಿದ್ದರೆ ಒಳಗಿನ ತೇವ ಹೀರುವ ಡ್ರೈಯರ್ ಹೊಸದು ಹಾಕಿಸಿ. ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಸಿ (ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ತೇವ ತೆಗೆಸುವುದು), ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ವಾಪಸ್ ಏರದೇ ನಿಲ್ಲುತ್ತದಾ ನೋಡಿ. ಆಮೇಲೆ ಬಾನೆಟ್ ಅಡಿಯ ಸ್ಟಿಕ್ಕರ್‌ನಲ್ಲಿ ಎಷ್ಟು ಗ್ರಾಂ ಇದೆಯೋ ಅಷ್ಟೇ, ತೂಕ ಹಾಕಿ ತುಂಬಿಸಿ. ಗೇಜ್ ನೋಡಿಕೊಂಡು "ಇನ್ನೊಂಚೂರು ಬಿಡೋಣ" ಅನ್ನುವವರಿಂದಲೇ ನಿಮ್ಮ ಗಾಡಿ ಈ ಸ್ಥಿತಿಗೆ ಬಂದಿದ್ದು.

ಗ್ಯಾಸ್ ಡಬ್ಬಿ ಸೀಲ್ ನಿಮ್ಮೆದುರಿಗೇ ಒಡೆಯಲಿ. ಅಗ್ಗದ ಡಬ್ಬಿಯಲ್ಲಿ ಎಲ್‌ಪಿಜಿ ಬೆರೆಸಿದ್ದು ಸಿಗುತ್ತದೆ. ಲೀಕ್ ಆದರೆ ಬೆಂಕಿ. 2011ರಲ್ಲಿ ನಕಲಿ ಗ್ಯಾಸ್ ತುಂಬಿದ್ದ ಹಡಗಿನ ರೀಫರ್ (ಶೀತಲ) ಕಂಟೇನರ್‌ಗಳೇ ಸಿಡಿದು ಕೆಲಸಗಾರರು ಸತ್ತಿದ್ದಾರೆ.

ಹಳೇ ಡಬ್ಬ, ಮೈಸೂರು

ನಿಮ್ಮದೆಲ್ಲ ಹೊಸ ಗಾಡಿ ಬಿಡಿ! ನನ್ನದು 1994ರ ಸೆಡಾನ್, ಆರ್-12 ಕಾಲದ್ದು. ಆ ಗ್ಯಾಸ್ ಎಲ್ಲಿ ಸಿಗುತ್ತದೆ?

ಮಸ್ಕತ್ ಮೀಟರ್

ಹುಡುಕಬೇಡಿ ಸರ್. ಓಝೋನ್ ಪದರಕ್ಕೆ ತೂತು ಮಾಡುವ ಜಾತಿ ಅದು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಭಾರತದಲ್ಲೂ 2010ರಿಂದ ಅದಕ್ಕೆ ಬಾಗಿಲು ಹಾಕಿದೆ. ಈಗ ಯಾರಾದರೂ ಆರ್-12 ಅಂತ ಕೊಟ್ಟರೆ ಅನುಮಾನ ಪಡಿ. 134ಎಗೆ ಬದಲಾಯಿಸಿಕೊಳ್ಳಿ. ಆದರೆ ಹಳೇ ಮಿನರಲ್ ಆಯಿಲ್ 134ಎ ಜೊತೆ ಬೆರೆಯುವುದಿಲ್ಲ. ಆಯಿಲ್, ಡ್ರೈಯರ್, ಓ-ರಿಂಗ್ ಎಲ್ಲ ಬದಲಿಸಬೇಕು. ಸಾಧ್ಯ ಆದರೆ ಹೊಸ ಮಾದರಿಯ ಪ್ಯಾರಲಲ್ ಫ್ಲೋ ಕಂಡೆನ್ಸರ್ ಹಾಕಿಸಿ. ಹಳೇ ಕಂಡೆನ್ಸರ್‌ಗೆ 134ಎಯ ಒತ್ತಡ ನಿಭಾಯಿಸುವುದು ಕಷ್ಟ, ತಂಪೂ ಸ್ವಲ್ಪ ಕಮ್ಮಿ ಬರುತ್ತದೆ.

ಸಿಲ್ಕ್ ಬೋರ್ಡ್ ಸಿಗ್ನಲ್, ಬೆಂಗಳೂರು

ಸರಿ, ಟಾಪ್ ಅಪ್ ಮಾತು ವಾಪಸ್. ನನ್ನ ಗಾಡಿಗೂ ಹೇಳಿ ಪ್ಲೀಸ್. ಮನೆಯಿಂದ ಹೊರಟಾಗ ಒಳ್ಳೇ ತಂಪು. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಆದ ಮೇಲೆ ಒಮ್ಮೆಲೇ ಬಿಸಿ. ಆಫೀಸ್‌ನಲ್ಲಿ ನಿಲ್ಲಿಸಿ ಸಂಜೆ ತೆಗೆದರೆ ಮತ್ತೆ ಚೆನ್ನಾಗಿರುತ್ತದೆ.

ಪಾನಾ ನಂಬರ್ 13, ಹುಬ್ಬಳ್ಳಿ

ಬಿಸಿ ಆದಾಗ ಬಾನೆಟ್ ಎತ್ತಿ ಕಂಪ್ರೆಸರ್ ಮುಂಭಾಗ ನೋಡ್ರಿ. ಬೆಲ್ಟ್ ಜೊತೆ ಪುಲ್ಲಿ ಯಾವಾಗಲೂ ತಿರುಗುತ್ತದೆ. ಅದರ ಮುಂದಿನ ತಟ್ಟೆ ತಿರುಗುತ್ತಿದೆಯಾ, ನಿಂತಿದೆಯಾ?

ನಿಂತಿದ್ದರೆ ಕ್ಲಚ್ ಕೂರುತ್ತಿಲ್ಲ. ತಟ್ಟೆಗೂ ಪುಲ್ಲಿಗೂ ನಡುವೆ ಅರ್ಧ ಮಿಲಿಮೀಟರ್ ಆಸುಪಾಸು ಗ್ಯಾಪ್ ಇರಬೇಕು. ವರ್ಷಗಟ್ಟಲೆ ಉಜ್ಜಿ ಸವೆದು ಗ್ಯಾಪ್ ದೊಡ್ಡದಾಗುತ್ತದೆ. ಕ್ಲಚ್‌ನ ಮ್ಯಾಗ್ನೆಟ್ ಕಾಯಿಲ್ ಬಿಸಿ ಆದಾಗ ಅದರ ಸೆಳೆತ ಕಮ್ಮಿ ಆಗುತ್ತದೆ. ತಣ್ಣಗಿದ್ದಾಗ ಎಳೆಯುವುದು ಬಿಸಿಯಲ್ಲಿ ಎಳೆಯುವುದಿಲ್ಲ. ಆ ಹೊತ್ತಿಗೆ ಉದ್ದನೆ ಮರದ ಕೋಲಿನಿಂದ ತಟ್ಟೆಯನ್ನು ಮೆಲ್ಲಗೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಇದನ್ನು ನೀವು ಮಾಡಬೇಡಿ, ಬೆಲ್ಟ್ ಅಲ್ಲೇ ಓಡುತ್ತಿರುತ್ತದೆ. ಮೆಕ್ಯಾನಿಕ್ ಮಾಡಲಿ. ಕೂತರೆ ಒಳಗಿನ ಒಂದು ತೆಳು ಬಿಲ್ಲೆ (ಶಿಮ್) ತೆಗೆದರಾಯಿತು, ಗ್ಯಾಪ್ ಕಮ್ಮಿ ಆಗುತ್ತದೆ. ಗ್ಯಾಸ್ ತೆಗೆಯುವ ಕೆಲಸವೇ ಇಲ್ಲ. ಇದಕ್ಕೆ ಹೊಸ ಕಂಪ್ರೆಸರ್ ಹಾಕಿಸಿಕೊಂಡವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಅದಕ್ಕೂ ಮೊದಲು ಕ್ಲಚ್‌ಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇ, ಅದಲುಬದಲು ಮಾಡಿ ನೋಡಿ. ಎಷ್ಟೋ ಗಾಡಿಯಲ್ಲಿ ಹಾರನ್ ರಿಲೇ, ಎಸಿ ರಿಲೇ ಒಂದೇ ನಂಬರಿನವು.

ತಟ್ಟೆ ತಿರುಗುತ್ತಾ ಇದ್ದು ಬಿಸಿ ಬಂದರೆ ಬೇರೆ ಕಥೆ. ಸಿಸ್ಟಮ್ ಒಳಗೆ ತೇವ ಸೇರಿ, ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಬಾಯಲ್ಲಿ ಐಸ್ ಆಗುತ್ತಿರಬಹುದು. ಆಗ ಲೋ ಗೇಜ್ ಮುಳ್ಳು ಸೊನ್ನೆ ಕಡೆ ಓಡುತ್ತದೆ. ಡ್ರೈಯರ್ ಬದಲಿಸಿ ವ್ಯಾಕ್ಯೂಮ್ ಮಾಡಿಸಬೇಕು.

ಬಿಸಿಲೂರು, ಕಲಬುರಗಿ

ಬೇರೆ ಗ್ಯಾರೇಜ್‌ಗೆ ಹೋದೆ. ಸೇಡಂ ರಸ್ತೆ ಕಡೆ, ರಿಕವರಿ ಮಷಿನ್ ಇರುವವರು. ನೀವು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಮೊದಲು ಸ್ವಲ್ಪ ಮುಖ ಸಿಂಡರಿಸಿದರು, ಆಮೇಲೆ ಅವರೇ ಆಸಕ್ತಿಯಿಂದ ಮಾಡಿದರು.

ಒಳಗಿಂದ ಬಂದ ಗ್ಯಾಸ್ 610 ಗ್ರಾಂ. ಸ್ಟಿಕ್ಕರ್‌ನಲ್ಲಿ ಇರುವುದು 450! ಲೀಕ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನೈಟ್ರೋಜನ್ ತುಂಬಿಸಿ, ಜಾಯಿಂಟ್‌ಗಳಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದರು. ಸರ್ವಿಸ್ ಪೋರ್ಟಿನ ಪಿನ್ ವಾಲ್ವ್ ಹತ್ತಿರ ಮಾತ್ರ ತೀರಾ ನಿಧಾನಕ್ಕೆ ಒಂದೊಂದೇ ಗುಳ್ಳೆ. ಪಿನ್ ಬದಲಿಸಿದರು, ಮುಚ್ಚಳ ಇರಲಿಲ್ಲ, ಅದನ್ನೂ ಹಾಕಿದರು.

ರೇಡಿಯೇಟರ್ ಸರಿಸಿದಾಗ ನೋಡಬೇಕಿತ್ತು ನೀವು. ಮುಂದಿನಿಂದ ಕಂಡೆನ್ಸರ್ ಕ್ಲೀನಾಗಿಯೇ ಕಾಣುತ್ತಿತ್ತು. ಹಿಂದೆ, ರೇಡಿಯೇಟರ್ ಜೊತೆಗಿನ ಸಂದಿಯಲ್ಲಿ, ತೊಗರಿ ಹೊಟ್ಟು, ಮಣ್ಣು, ಸತ್ತ ಹುಳ ಎಲ್ಲ ಸೇರಿ ಕಂಬಳಿ ಹೊದ್ದಂತೆ ಕೂತಿತ್ತು. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೇ ರಾಶಿ ಮಾಡುತ್ತಾರಲ್ಲ, ಅದರ ಮೇಲೆ ಗಾಡಿ ಓಡಿಸಿದ್ದರ ಫಲ. ಬೆರಳಲ್ಲಿ ಎಳೆದರೆ ಹಾಳೆ ಹಾಳೆಯಾಗಿ ಬಂತು. ಪಕ್ಕದ ಸಂದು ಮುಚ್ಚುವ ಫೋಮ್ ಪಟ್ಟಿಯೂ ಎಂದೋ ಉದುರಿ ಹೋಗಿತ್ತು. ಹಾಗಾಗಿ ಫ್ಯಾನ್ ಎಂಜಿನ್ ಕಡೆಯ ಬಿಸಿಗಾಳಿಯನ್ನೇ ಸುತ್ತಿ ಎಳೆಯುತ್ತಿತ್ತು. ಫ್ಯಾನ್ ಮೋಟರ್‌ನ ಕಾರ್ಬನ್ ಬ್ರಷ್ ಸವೆದಿತ್ತು, ಮೋಟರ್ ಬದಲಿಸಿದೆವು.

ಈಗ ಮಧ್ಯಾಹ್ನ ಐಡಲ್‌ನಲ್ಲಿ ಲೋ 37, ಹೈ 255. ಅಡುಗೆಮನೆಯ ಥರ್ಮಾಮೀಟರ್ ಮಧ್ಯದ ವೆಂಟ್‌ಗೆ ಇಟ್ಟರೆ ನಿಂತಾಗ 11–12, ಓಡುವಾಗ 8. ಕಾಗದ ಬಿಡಿ, ಈಗ ಕ್ಯಾಲೆಂಡರ್ ಹಾಳೆಯೂ ಅಂಟುತ್ತದೆ. ಪೂರ್ತಿ ಖರ್ಚು ಕಂಪ್ರೆಸರ್‌ಗೆ ಅವರು ಹೇಳಿದ್ದರ ಕಾಲು ಭಾಗವೂ ಆಗಲಿಲ್ಲ.

ಮಸ್ಕತ್ ಮೀಟರ್

ಈ ಗಾಡಿಗೆ, ಆ ಬಿಸಿಲಿಗೆ ಇದಕ್ಕಿಂತ ಒಳ್ಳೇ ನಂಬರ್ ಬೇಡ. ಫೋಮ್ ಪಟ್ಟಿ ಹಾಕಿಸಿದಿರಿ ತಾನೇ?

ಬಿಸಿಲೂರು, ಕಲಬುರಗಿ

ಹಾಕಿಸಿದೆ ಸರ್. ಬಾಗಿಲಿನ ರಬ್ಬರ್ ಬೀಡಿಂಗ್ ಕತ್ತರಿಸಿ ಕೂರಿಸಿದರು.

ಕರಾವಳಿ ಗಾಳಿ, ಮಂಗಳೂರು

ನನ್ನದು ಸೆನ್ಸರ್ರೇ. ಕ್ಲಿಪ್ ಮುರಿದು ಕಾಯಿಲ್ ಬಿಟ್ಟು ಜೋತಾಡುತ್ತಿತ್ತು. ಡ್ರೈನ್ ಪೈಪಿಗೆ ಏರ್ ಹೊಡೆದಾಗ ಅರ್ಧ ಲೋಟದಷ್ಟು ಕಪ್ಪು ನೀರು ಬಿತ್ತು. ಹಾಗೇ ಒಂದು ಪ್ರಶ್ನೆ: ಕ್ಯಾಬಿನ್ ಫಿಲ್ಟರ್ ಬದಲಿಸಿ ಅಂದರೆ ಮೆಕ್ಯಾನಿಕ್ "ನಿಮ್ಮ ಗಾಡಿಗೆ ಫಿಲ್ಟರ್ರೇ ಇಲ್ಲ" ಅಂದರು. ಗ್ಲೋವ್ ಬಾಕ್ಸ್ ಹಿಂದೆ ಅದರ ಮುಚ್ಚಳ ಮಾತ್ರ ಕಾಣುತ್ತಿದೆ.

ಪಾನಾ ನಂಬರ್ 13, ಹುಬ್ಬಳ್ಳಿ

ಆ ಕಾಲದ ಕೆಲವು ಗಾಡಿಗಳಲ್ಲಿ ಜಾಗ ಬಿಟ್ಟು ಫಿಲ್ಟರ್ ಹಾಕದೆ ಕೊಟ್ಟಿದ್ದಾರೆ ಮೇಡಂ. ಮುಚ್ಚಳದ ಪ್ಲಾಸ್ಟಿಕ್ ಕತ್ತರಿಸಿ ಅಳತೆ ತಗೊಂಡು ಹೋದರೆ ಬಿಡಿಭಾಗದ ಅಂಗಡಿಯಲ್ಲಿ ಹೊಂದುವ ಫಿಲ್ಟರ್ ಸಿಗುತ್ತದೆ. ಕತ್ತರಿಸಿದ ಚೂರು ಬ್ಲೋವರ್ ಒಳಗೆ ಬೀಳದಂತೆ ನೋಡಿಕೊಳ್ಳಿ. ಫಿಲ್ಟರ್ ಮೇಲೆ ಬಾಣದ ಗುರುತು ಇರುತ್ತದೆ, ಗಾಳಿ ಹೋಗುವ ದಿಕ್ಕಿಗೆ ಇಡಿ. ಆದರೆ ಮೊದಲು ಕಾಯಿಲ್ ತೊಳೆಸಿ. ಇಷ್ಟು ವರ್ಷದ ಧೂಳು ಒಳಗೇ ಕೂತಿದೆ, ಅದನ್ನು ಬಿಟ್ಟು ಫಿಲ್ಟರ್ ಹಾಕಿದರೆ ಗಾಳಿ ಇನ್ನೂ ಕಮ್ಮಿ ಆಗುತ್ತದೆ.